ತೂತು ಮುಚ್ಚಬೇಡ

ಗುಜರಿಯವನು ಗ್ಯಾಸ್ ಕಟರ್ ಹಚ್ಚುವ ಹಿಂದಿನ ಸಂಜೆ
ಕೊಂಡುಕೊಂಡೆ. ಕಿಲೋ ಲೆಕ್ಕದಲ್ಲೇ.
‘ಇದರ ಬದಲು ಎಮ್ಮೆ ತಂದಿದ್ದರೆ?’ ಅಂದಳು ಹೆಂಡತಿ.
ನ್ಯಾಯವೇ. ಎಮ್ಮೆಗೆ ನಾಲ್ಕೂ ಕಾಲಿರುತ್ತವೆ.
ಈ ಮೆಟಡಾರಿಗೆ ಎರಡು ಗಾಲಿ, ಎರಡು ಕಡೆ ಸೈಜುಗಲ್ಲು,
ಬಾಗಿಲ ಮೇಲಿನ ‘ಐಸ್’ನಲ್ಲಿ ‘ಸ್’ ಮಾತ್ರ ಉಳಿದು
ಯಾರಿಗೋ ಸುಮ್ಮನಿರು ಅನ್ನುತ್ತಿತ್ತು.

ಎಂಟನೇ ಕ್ಲಾಸು ಫೇಲಾದ ಬೇಸಿಗೆ
ನಾನು ಇದೇ ಗಾಡಿಯ ಕ್ಲೀನರ್.
ಗೋಣಿ ಹೊದ್ದ ಐಸಿನ ಮೇಲೆ ಕೂತು, ಚಡ್ಡಿ ಒದ್ದೆ,
ರಸೆಲ್ ಮಾರ್ಕೆಟ್ಟಿನ ಮೀನಿಗೆ,
ಹಲಸೂರಿನ ಛತ್ರದ ಹಣ್ಣಿನ ರಸಕ್ಕೆ,
ಕಲಬುರಗಿಯಿಂದ ಮಗಳು ಬರುವ ತನಕ
ಕಾಯಬೇಕಿದ್ದ ಒಂದು ಹೆಣಕ್ಕೆ,
ಮೂರಕ್ಕೂ ಒಂದೇ ಟ್ರಿಪ್ಪು.
ಮುಂದೆ ಡ್ರೈವರ್ ಮರಿಯಣ್ಣನ ಎಡತೊಡೆ ಬೇಯುತ್ತಿತ್ತು,
ಎರಡು ಸೀಟಿನ ನಡುವೆ ಎಂಜಿನ್ನು ಒಲೆಯ ಹಾಗೆ.
ಹಿಂದಿನವನಿಗೆ ನೆಗಡಿ, ಮುಂದಿನವನಿಗೆ ಬೊಬ್ಬೆ.

ಭಾನುವಾರಗಳು ಬಂದವು.
ಟ್ಯಾನರಿ ರಸ್ತೆಯ ನನ್ನ ಜೆರಾಕ್ಸ್ ಅಂಗಡಿ ಹಿಂದಿನ ಖಾಲಿ ಜಾಗಕ್ಕೆ
ಕಾಮಾಕ್ಷಿಪಾಳ್ಯದಿಂದ ಬೈಲಪ್ಪ ಬಂದ,
ಟವೆಲಿನಲ್ಲಿ ಸುತ್ತಿ ತಂದ ಬುಷ್ಷು
ತಾನೇ ಲೇತಿನಲ್ಲಿ ತಿರುಗಿಸಿದ್ದು,
ಹಸುಗೂಸು ಕೊಟ್ಟ ಹಾಗೆ ಕೊಟ್ಟ.
ಸೆಲ್ವಮಣಿ ಇಲಿ ಕಡಿದ ವೈರುಗಳ ನಡುವೆ ಮಲಗಿ
ವೈಪರ್ ಒತ್ತು ಅಂದ, ಒತ್ತಿದೆ,
ಎಡಗಡೆ ಇಂಡಿಕೇಟರ್ ಹತ್ತಿತು.
‘ಕರೆಂಟು ಇದೆಯಲ್ಲ, ವಿಳಾಸ ತಪ್ಪಿದೆ ಅಷ್ಟೆ.’
ಫ್ಲೆಕ್ಸು ಬಂದ ಮೇಲೆ ಕುಂಚ ತೊಳೆದಿಟ್ಟ ಲೂರ್ದು
ನಾಲ್ಕು ಬಣ್ಣ ಕೆರೆದು ಐದನೆಯದು ನೀಲಿ ಕಂಡು
ಅರ್ಧ ಗಂಟೆ ಬೀಡಿ ಸೇದಿದ.
ಕೂಲಿ ಯಾರೂ ಕೇಳಲಿಲ್ಲ.
ಡೀಸೆಲ್ ಪಂಪಿಗಿಂತ ಬಿರಿಯಾನಿಗೇ ಹೆಚ್ಚು ಹೋಯಿತು.

ಜಗಳವಾದದ್ದು ಒಂದೇ ಸಲ.
ಇಮ್ದಾದ್ ತೊಟ್ಟಿಯ ತಗಡು ಬಡಿದು ನೆಟ್ಟಗೆ ಮಾಡಿ
ಮೂಲೆಯ ತೂತಿಗೆ ವೆಲ್ಡಿಂಗ್ ಕಡ್ಡಿ ಹಿಡಿದ.
ಬೇಡ ಅಂದೆ.
‘ತುಕ್ಕು ಭಾಯ್, ನಾಳೆ ಇಡೀ ಪ್ಲೇಟ್ ತಿನ್ನುತ್ತೆ.’
ತುಕ್ಕಲ್ಲ. ಮರಿಯಣ್ಣ ಉಳಿ ಇಟ್ಟು ಕೊರೆದದ್ದು,
ಕರಗಿದ ನೀರು ನಿಂತರೆ ಉಳಿದ ಐಸನ್ನೂ ಕರಗಿಸುತ್ತದೆ ಅಂತ.
‘ಈಗ ಐಸ್ ಎಲ್ಲಿದೆ?’
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಆಮೇಲೆ ಹೇಳಿದೆ, ಯಾರಿಗೂ ಹೇಳಿರದಿದ್ದದ್ದನ್ನು.

ಕೋಲ್ಸ್ ಪಾರ್ಕಿನ ಹತ್ತಿರ ಕಡಲೆಕಾಯಿಗೆಂದು ಇಳಿದಿದ್ದೆ.
ಮರಿಯಣ್ಣ ನೋಡದೆ ಹೊರಟುಬಿಟ್ಟ.
ಜೇಬಲ್ಲಿ ಕಾಸಿಲ್ಲ, ದಾರಿ ಗೊತ್ತಿಲ್ಲ,
ಕೂಗಿದರೆ ಬಸ್ಸುಗಳೇ ತಿರುಗಿ ಕೂಗುತ್ತವೆ.
ಆಗ ಕಂಡಿತು, ಟಾರಿನ ಮೇಲೆ ಹನಿಹನಿ,
ಎಡಕ್ಕೆ ಹೊರಳಿದ ಸಣ್ಣ ಒದ್ದೆ ಗೆರೆ.
ಏಪ್ರಿಲ್ ಬಿಸಿಲು ಅದನ್ನು
ಹಿಂದಿನಿಂದ ಒರೆಸಿಕೊಂಡು ಬರುತ್ತಿತ್ತು.
ಬರಿಗಾಲಲ್ಲಿ ಓಡಿದೆ, ಬಿಸಿಲಿಗಿಂತ ಮುಂದೆ,
ಹನಿಯಿಂದ ಹನಿಗೆ ಅಂಗಾಲು ತಂಪು ಮಾಡಿಕೊಳ್ಳುತ್ತ.
ಮಾರ್ಕೆಟ್ಟಿನ ಗೇಟಲ್ಲಿ ಗಾಡಿ ನಿಂತಿತ್ತು.
ಮರಿಯಣ್ಣ ಕಪಾಳಕ್ಕೆ ಒಂದು ಕೊಟ್ಟು
ಟೀ ಕೊಡಿಸಿದ.

ಇಮ್ದಾದ್ ಏನೂ ಅನ್ನಲಿಲ್ಲ.
ಕಡ್ಡಿ ಕೆಳಗಿಟ್ಟು ದುಂಡು ಅರ ಹುಡುಕಿ
ತೂತಿನ ಅಂಚನ್ನು ಸುತ್ತಲೂ ಉಜ್ಜಿದ.
‘ಚೂಪಿದೆ. ಯಾರ ಕೈಯಾದರೂ ಕೊಯ್ದೀತು.’

ಸ್ಟಾರ್ಟ್ ಆದ ದಿನ ಪಕ್ಕದ ಮನೆಯ ಯೂನಿಫಾರ್ಮುಗಳೆಲ್ಲ ಕಪ್ಪಾದವು.
ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.
ನೀಲಿ ಒಣಗಿತ್ತು. ಲೂರ್ದುವಿನ ಕೈ ನಡುಗಿ
‘ಐ’ ಸ್ವಲ್ಪ ವಾಲಿತ್ತು, ಹಾಗೇ ಬಿಟ್ಟೆವು.
ಎಫ್‌ಸಿ ಆಗುತ್ತದೋ ಇಲ್ಲವೋ, ಅದು ಮುಂದಿನ ಮಾತು.
ಎಮ್ಮೆಯವಳು ಎರಡು ಕ್ಯಾನು ಕುಡಿಯುವ ನೀರು ಹಿಂದೆ ಇಟ್ಟು
ತಾನೂ ಹತ್ತಿ ಕೂತಳು.

ಒಂದು ಕ್ಯಾನಿನ ಮುಚ್ಚಳ ಸಡಿಲ.
ಫ್ರೇಜರ್ ಟೌನಿನ ತಿರುವಿನಲ್ಲಿ ಕನ್ನಡಿ ನೋಡಿದೆ.
ನನ್ನ ತೊಡೆ ಬೇಯುತ್ತಿತ್ತು.
ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು ಕೂಗಿದ:
‘ಅಣ್ಣಾ, ಲೀಕು! ಹಿಂದೆ ಲೀಕು!’
ಇಮ್ದಾದ್ ಕಿಟಕಿಯಿಂದ ಕೈ ಹೊರಗೆ ಹಾಕಿ
‘ಗೊತ್ತು ಗುರು, ಗೊತ್ತು,’ ಅಂದ.